ಮೊಸರು ಬಿಟ್ಟವರು

ನಮ್ಮೂರಿನಲ್ಲಿ ಬಟ್ಟೆ ಹೊಲಿಯುವವರು ಒಳಗಡೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯುತ್ತಾರೆ. ಬೇರೆ ಊರುಗಳಲ್ಲೂ ಬಿಡುತ್ತಾರಂತೆ, ಬೆಳೆಯುವ ಮಕ್ಕಳಿಗೆಂದು. ನಾವು ಮುದುಕರಿಗೂ ಬಿಡುತ್ತೇವೆ. ರಾತ್ರಿ ತನ್ನದೇ ಮೈಯಲ್ಲಿ ಮಲಗಿದ ಮನುಷ್ಯ ಬೆಳಿಗ್ಗೆ ಮುತ್ತಜ್ಜನ ಹೆಗಲು ಹೊತ್ತುಕೊಂಡು ಏಳಬಹುದು. ಆಗ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಬೇಕು. ಮುತ್ತಜ್ಜ ಮತ್ತೆ ಮಲಗಿದ ಮೇಲೆ ಒಳಕ್ಕೆ ಹಿಡಿಯಬೇಕು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು. ಹೊಸ ಬಟ್ಟೆ ಹೊಲಿದದ್ದಕ್ಕಿಂತ ಬಿಚ್ಚಿ ಹಿಡಿದದ್ದೇ ಹೆಚ್ಚು.

ಹೀಗೆ ಮೈಯಲ್ಲಿ ಏಳುವುದೆಲ್ಲ ಕೆಟ್ಟದ್ದೇ ಎಂದೇನಿಲ್ಲ. ಬಡಿಗೇರ ಮಾನಪ್ಪನಿಗೆ ಒಂದು ಚಳಿಗಾಲ ಪೂರ್ತಿ ಅವನ ಅಜ್ಜನ ಕಂಠ ಬಂದಿತ್ತು. ಅವನು ಕೆಲಸ ಬಿಟ್ಟು ಹಾಡುತ್ತಿದ್ದ, ಜನ ಕೆಲಸ ಬಿಟ್ಟು ಕೇಳುತ್ತಿದ್ದರು. ಆದರೆ ಒಂದು ಎದ್ದರೆ ಅದರ ಹಿಂದೆ ಇನ್ನೊಂದು ಕಾದು ಕೂತಿರುತ್ತದೆ. ಕಂಠದ ಹಿಂದೆ ಕುಡಿತ ಬಂತು. ಅದಕ್ಕೇ ನಾವು ಪಂಪಣ್ಣನ ಮೊಸರು ಉಣ್ಣುತ್ತೇವೆ.

ಪಂಪಣ್ಣ ಸೈಕಲ್ ರಿಪೇರಿ ಮಾಡುವವನು. ನಮ್ಮ ಓಣಿಯಲ್ಲಿ ಹಿಂದಿನವರನ್ನು ಏಳಗೊಡದ ತಡೆ ಇರುವುದು ಅವನೊಬ್ಬನಿಗೇ. ಸಂಜೆಯಾದರೆ ಹೆಂಗಸರು ಉಗುರುಬೆಚ್ಚಗಿನ ಹಾಲಿನ ಗಡಿಗೆ ಹಿಡಿದು ಅವನ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅವನು ಗ್ರೀಸಿನ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒಂದೊಂದು ಗಡಿಗೆಯಲ್ಲೂ ತೋರುಬೆರಳು ಅದ್ದಿ ಹೆಪ್ಪು ಹಾಕುತ್ತಾನೆ. ಆ ಮೊಸರು ಉಂಡವರ ಮೈಯಲ್ಲಿ ಹಿಂದಿನವರು ಸುಮ್ಮನೆ ಇರುತ್ತಾರೆ. ಪಂಪಣ್ಣನ ಮುಖ ಮಾತ್ರ ಯಾರ ಹಾಗೂ ಇಲ್ಲ. ಅವನನ್ನು ನೋಡಿ ಮನೆಗೆ ಬಂದರೆ ಅವನ ಮೂಗು ಹೇಗಿತ್ತೆಂದು ನೆನಪಾಗುವುದಿಲ್ಲ. ಅವನ ತಾಯಿಗೂ ಸಂತೆಯಲ್ಲಿ ಗುರುತು ಹತ್ತುತ್ತಿರಲಿಲ್ಲ ಎನ್ನುತ್ತಾರೆ.

ಒಮ್ಮೆ ನದಿಯಾಚೆಯಿಂದ ಒಬ್ಬ ಡಾಕ್ಟರು ಬಂದು ನಮ್ಮೆಲ್ಲರ ರಕ್ತ ತೆಗೆದುಕೊಂಡು ಹೋಗಿದ್ದರು. ಒಳ್ಳೆಯ ಮನುಷ್ಯ. ಮರಳಿ ಬಂದಾಗ ನನ್ನ ಅಂಗಡಿಯಲ್ಲಿ ಕೂತು ಬಿಡಿಸಿ ಹೇಳಿದರು. ಎಲ್ಲರ ಮೈಯಲ್ಲೂ ಹಿಂದಿನವರದೆಲ್ಲ ಜೀನಿನ ರೂಪದಲ್ಲಿ ಇರುತ್ತದೆ, ಯಾವುದು ಮಾತಾಡಬೇಕು ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಎಂದು ನೋಡಿಕೊಳ್ಳಲಿಕ್ಕೆ ಬೇರೆ ಜೀನುಗಳಿವೆ, ಅಂಥ ಒಂದು ಜೀನು ಮಾಡುವ ಪ್ರೋಟೀನು ಹೋಗಿ ಮಿಕ್ಕವುಗಳ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ, ನಿಮ್ಮೂರಿನವರಲ್ಲಿ ಆ ಜೀನೇ ಕೆಟ್ಟಿದೆ, ಪಂಪಣ್ಣನಲ್ಲಿ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ದುಡಿಯುತ್ತದೆ, ಎಂದರು. ಅದಕ್ಕೆ ಅಕ್ಷರ ಅಂಕಿ ಕೂಡಿಸಿದ ಒಂದು ಹೆಸರಿತ್ತು. ನಾವು ತಡೆ ಎಂದೇ ಕರೆದೆವು. ಊರು ಬಿಡುವತನಕ ಡಾಕ್ಟರು ದಿನವೂ ಪಂಪಣ್ಣನ ಮೊಸರು ತರಿಸಿಕೊಂಡು ಉಣ್ಣುತ್ತಿದ್ದರು.

ಇಷ್ಟು ಗೊತ್ತಿದ್ದರೆ ನಿಂಬೆವ್ವನ ಕಥೆ ಹೇಳಬಹುದು.

ನಿಂಬೆವ್ವ ನನ್ನ ಅಂಗಡಿಯಿಂದ ಎರಡು ಮನೆ ಆಚೆ ಇರುವವಳು. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಇದ್ದವಳು ಒಬ್ಬಳೇ ಮಗಳು, ಕಸ್ತೂರಿ. ಈ ಕಸ್ತೂರಿಯ ನಗು ಓಣಿಗೆಲ್ಲ ಗೊತ್ತು. ಮೊದಲು ಬಿಕ್ಕಳಿಕೆಯ ಹಾಗೆ ಎರಡು ಸಲ ತಡವರಿಸಿ, ಆಮೇಲೆ ಒಮ್ಮೆಲೇ ಸಡಿಲಾಗಿ, ಕೊನೆಗೆ ಉಸಿರು ಒಳಗೆ ಎಳೆದುಕೊಳ್ಳುವಾಗ ಕೊಳಾಯಿಯಲ್ಲಿ ಗಾಳಿ ಬಂದ ಹಾಗೆ ಒಂದು ಸದ್ದು. ಆ ಸದ್ದಿಗೆ ನಗಬಾರದವರೂ ನಗುತ್ತಿದ್ದರು. ಅದು ಅವಳಿಗೆ ಹುಟ್ಟುವಾಗಲೇ ಬಂದದ್ದು. ಹುಟ್ಟುವಾಗ ಬಂದದ್ದನ್ನು ಮೊಸರು ಏನೂ ಮಾಡುವುದಿಲ್ಲ, ಅದು ನಿಮ್ಮದೇ. ನಗುವಿನ ಜೊತೆಗೆ ಎದೆಯ ಬೇನೆಯೂ ಹುಟ್ಟಿನಿಂದಲೇ ಬಂದಿತ್ತು. ಬರಬರುತ್ತ ಉಗುರು ನೀಲಿಗಟ್ಟಿ, ಒಂದು ಮಧ್ಯಾಹ್ನ ಸಂತೆಯಿಂದ ಬಂದು ಚೀಲ ಇಳಿಸಿದವಳು ಅಲ್ಲೇ ಕೂತು ಪ್ರಾಣ ಬಿಟ್ಟಳು. ಅವಳ ಗಂಡ ಲಾರಿಯವನು, ಬೇರೆ ಕಡೆ ಸಂಸಾರ ಹೂಡಿದ. ಮಗು ಪದ್ದಿ ಅಜ್ಜಿಯ ಕೈಗೆ ಬಂತು.

ಕಸ್ತೂರಿ ಹೋದ ಮೇಲೆ ನಿಂಬೆವ್ವ ಗೋಡೆ ಕಡೆ ಮುಖ ಮಾಡಿ ಮಲಗಿದಳು. ರೊಟ್ಟಿ ಬಡಿಯುತ್ತಿದ್ದಳು, ಹುಡುಗಿಯ ಜಡೆ ಹಾಕುತ್ತಿದ್ದಳು, ಮತ್ತೆ ಗೋಡೆ ಕಡೆ ತಿರುಗುತ್ತಿದ್ದಳು. ಪದ್ದಿ ಅಜ್ಜಿಯ ಬೆನ್ನು ನೋಡುತ್ತಲೇ ಬೆಳೆದಳು. ಸುಮ್ಮನಿರುವ ಹುಡುಗಿ. ನಕ್ಕರೆ ಬಾಯಿಗೆ ಸೆರಗಿಲ್ಲದಿದ್ದರೂ ಸೆರಗು ಹಿಡಿದ ಹಾಗೆ ನಗುತ್ತಿದ್ದಳು.

ಆ ವರ್ಷ ಶಾಲೆ ಶುರುವಾಗುವ ಮುಂಚೆ ಪದ್ದಿ ಅಳತೆ ಕೊಡಲು ಬಂದಳು. ಅಂಗಡಿಯಲ್ಲಿ ನನ್ನ ಮಗ್ಗುಲಿಗೆ ಮಾನಪ್ಪ ಕೂತು ತನ್ನ ಹೆಂಡತಿ ಹಿಟ್ಟಿನ ಡಬ್ಬಿಯಲ್ಲಿ ಕನ್ನಡಕ ಬಚ್ಚಿಟ್ಟು ಮರೆತ ಕಥೆ ಹೇಳುತ್ತಿದ್ದ. ನಾನು ಟೇಪು ಹಿಡಿದು ಹುಡುಗಿಯ ಬೆನ್ನ ಹಿಂದೆ ನಿಂತಿದ್ದೆ. ಹುಡುಗಿ ನಕ್ಕಳು.

ಬಿಕ್ಕಳಿಕೆಯ ಹಾಗೆ ಎರಡು ಸಲ. ಆಮೇಲೆ ಸಡಿಲಾಗಿ. ಕೊನೆಗೆ ಆ ಕೊಳಾಯಿಯ ಸದ್ದು.

ಮಾನಪ್ಪ ಮಾತು ನಿಲ್ಲಿಸಿದ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಎದ್ದು, "ಬರ್ತೀನಕ್ಕಾ, ಗರಗಸಕ್ಕ ಹಲ್ಲು ಹಾಕ್ಬೇಕು" ಎಂದು ಚಪ್ಪಲಿ ಬಿಟ್ಟೇ ಹೋದ.

"ಪದ್ದಿ," ಎಂದೆ ನಾನು, "ಮಸರು ಉಣ್ತೀಯಿಲ್ಲ?"

"ಅಜ್ಜಿ ಬ್ಯಾಡಂತಾಳ. ನೆಗಡಿ ಆಗತೈತಂತ."

"ಯಾವಾಗಿಂದ?"

"ಮಾವಿನಕಾಯಿ ಬಂದಾಗಿಂದ." ಅವಳು ಕೈ ಮೇಲೆತ್ತಿ ನಿಂತಿದ್ದಳು. ತೋಳಿನ ಅಳತೆ ಹಿಡಿದೆ. ಮಗುವಿನ ತೋಳಲ್ಲ. ಮೊಣಕೈ ಒಳಕ್ಕೆ ಬಾಗಿತ್ತು, ಕಸ್ತೂರಿಗೆ ಇದ್ದ ಹಾಗೆ. ಕಸ್ತೂರಿಯ ರವಿಕೆಗೆ ನಾನು ಯಾವಾಗಲೂ ಆ ಜಾಗದಲ್ಲಿ ಒಂದು ಚೂರು ಜಾಸ್ತಿ ಬಿಡುತ್ತಿದ್ದೆ. ಕೈ ತಾನಾಗಿಯೇ ಬಟ್ಟೆಯ ಮೇಲೆ ಅಲ್ಲಿ ಗುರುತು ಹಾಕಿತು.

ಅಂಗಡಿ ಮುಚ್ಚಿ ನಿಂಬೆವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮೈಮೇಲೆ ಇಸ್ತ್ರಿ ಮಾಡಿದ ಸೀರೆ. ತಲೆಗೆ ಎಣ್ಣೆ. ಅವಳನ್ನು ಹಾಗೆ ಕಂಡು ನನಗೆ ಸಂತೋಷವಾಗಬೇಕಿತ್ತು.

"ಬಾ ಬಸ್ಲಿಂಗಿ. ಇಷ್ಟ ದಿನಕ್ಕ ನಮ್ಮನಿ ದಾರಿ ನೆನಪಾತೇನು?"

"ದಿನಾ ಸಂಜೀಕ ಪಂಪಣ್ಣನ ಕಡೆ ಗಡಿಗಿ ಹಿಡ್ಕೊಂಡು ನಿಂದರ್ತಿ. ಆ ಮಸರು ಎಲ್ಲಿ ಹೊಕ್ಕೈತಿ?"

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಹಿತ್ತಲ ಕಡೆ ಗದ್ದ ತೋರಿಸಿದಳು. ನುಗ್ಗೆ ಗಿಡದ ಬುಡ ಬೆಳ್ಳಗಾಗಿತ್ತು, ಅದರ ಮೇಲೆ ನೊಣ ಕೂತಿದ್ದವು. ಗಿಡದಲ್ಲಿ ಹೂವಿರಲಿಲ್ಲ, ಕಾಯಿರಲಿಲ್ಲ, ಬರೀ ಎಲೆ.

"ನಾನೂ ಕೇಳ್ಬಾರ್ದೇನು?" ಎಂದಳು. "ನಿನಗ ಮೂರು ಮಂದಿ ಮಕ್ಕಳದಾರ. ದಿನಾ ಬೈತಿ, ದಿನಾ ಅವರ ಧ್ವನಿ ಕೇಳ್ತಿ. ನಾ ಕೇಳೂದು ಒಂದು ನಗಿ. ಅಷ್ಟ ತಾನ ಬರಾಕತ್ತೈತಿ, ಬರ್ಲಿ ಬಿಡು."

"ಬರೇ ನಗಿ ಬರಂಗಿಲ್ಲ, ನಿಂಬೆವ್ವ. ಮಾನಪ್ಪಂದು ಮರ್ತಿಯೇನು?"

"ಮಾನಪ್ಪ ಕಳ್ಳ. ಕುಡಿಯಾಕ ಅಜ್ಜನ ಹೆಸರು ಸಿಕ್ಕಿತ್ತು ಅವನಿಗೆ." ಅವಳು ಒಳಗೆ ತಿರುಗಿ ಕೂಗಿದಳು, "ಕಸ್ತೂರೀ, ಚಾಕ್ಕ ಇಡ."

"ಇಟ್ಟೀನಿ ಬೇ" ಎಂದು ಒಳಗಿನಿಂದ ಕಸ್ತೂರಿಯ ಧ್ವನಿ ಬಂತು.

ಸತ್ತವರು ಬರುವುದಿಲ್ಲ. ಇದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅವರು ಬಿಟ್ಟುಹೋದ ಸಾಮಾನು ಬರುತ್ತದೆ, ಧ್ವನಿ, ನಡಿಗೆ, ಹಲ್ಲು ಕಡಿಯುವ ಚಟ. ನೆನಪು ಬರುವುದಿಲ್ಲ, ಪ್ರೀತಿ ಬರುವುದಿಲ್ಲ. ಒಳಗೆ ಚಹಾ ಕಾಸುತ್ತಿದ್ದದ್ದು ಪದ್ದಿಯೇ. ಅಜ್ಜಿ ಕಸ್ತೂರಿ ಎಂದು ಕರೆದಳು, ಹುಡುಗಿ ಹೆತ್ತವ್ವನಿಗೆ ಅನ್ನುವ ಹಾಗೆ ಬೇ ಎಂದು ಓಗೊಟ್ಟಳು, ಅಷ್ಟೇ. ಯಾರೂ ಹಾಗೆ ಓಗೊಡಲು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬೆನ್ನು ತಿರುಗಿಸಿದ್ದ ಅಜ್ಜಿ ಈಗ ಅವಳ ಕಡೆ ಮುಖ ಮಾಡಿದ್ದಳು.

"ಅಕಿ ಪದ್ದಿ," ಎಂದೆ ಮೆಲ್ಲಗೆ.

"ನನಗೇನು ಕಣ್ಣಿಲ್ಲೇನು? ಗೊತ್ತೈತಿ." ಇನ್ನೊಂದು ಶೇಂಗಾ ಒಡೆದು, "ಕಣ್ಣು ಮುಚ್ಚಿದ್ರ ಗೊತ್ತಿಲ್ಲ" ಎಂದಳು.

ಓಣಿಯಲ್ಲಿ ಇಂಥದ್ದು ಗೊತ್ತಾದರೆ ಒಂದು ಪದ್ಧತಿ ಇದೆ. ಪಂಪಣ್ಣನನ್ನು ಕರೆತಂದು ಆ ಮನೆಯ ಬಾಗಿಲಲ್ಲಿ ಕೂರಿಸುತ್ತಾರೆ, ಎದ್ದದ್ದು ಮಲಗುವತನಕ. ಅವನು ಟ್ಯೂಬಿಗೆ ತೇಪೆ ಹಚ್ಚುತ್ತ ಅಲ್ಲೇ ಕೂರುತ್ತಾನೆ. ಜನ ಬಂದು ಇಣುಕಿ ಹೋಗುತ್ತಾರೆ. ಹಾಗೆ ಆದ ಮನೆಯ ಹುಡುಗಿಯನ್ನು ಆಮೇಲೆ ಯಾರೂ ಮದುವೆಗೆ ಕೇಳುವುದಿಲ್ಲ. ಬೇಗ ಮಲಗಿಸಿದರೆ ಬಂದದ್ದು ಹೋಗುತ್ತದೆ. ತಡವಾದರೆ ಹೊಲಿಗೆ ಹಳತಾದ ಬಟ್ಟೆಯ ಹಾಗೆ ಮಡಿಕೆ ಕೂತುಬಿಡುತ್ತದೆ, ಬಿಚ್ಚಿದರೂ ಗೆರೆ ಉಳಿಯುತ್ತದೆ. ಇದೆಲ್ಲ ನಿಂಬೆವ್ವನಿಗೆ ನಾನು ಹೇಳಬೇಕಾಗಿರಲಿಲ್ಲ. ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಮಾನಪ್ಪನಿಗೂ ಚಪ್ಪಲಿ ವಾಪಸು ಕೊಡುವಾಗ ಬಾಯಿ ಬಿಡಬೇಡವೆಂದೆ. ಅವನು, "ನಾ ಏನೂ ಕೇಳೇ ಇಲ್ಲಲ್ಲ" ಎಂದ.

ಒಂದು ವಾರ ಬಿಟ್ಟು ಅಂಗಿ ತೊಡಿಸಿ ನೋಡಲು ಅವರ ಮನೆಗೇ ಹೋದೆ. ಊಟದ ಹೊತ್ತು. ಪದ್ದಿ ತಟ್ಟೆಯ ಮುಂದೆ ಕೂತಿದ್ದಳು, ನಿಂಬೆವ್ವ ಎದುರಿಗೆ ಕೂತು ಅವಳನ್ನೇ ನೋಡುತ್ತಿದ್ದಳು. ಪದ್ದಿ ತಲೆ ಎತ್ತದೆ, "ನೀರು ಕೊಡು" ಎಂದಳು.

ಕಸ್ತೂರಿಯ ಧ್ವನಿಯಲ್ಲ. ದಪ್ಪ, ಒಣ ಧ್ವನಿ, ಮೂಗಿನಿಂದ ಬರುವಂಥದ್ದು. ನನಗೆ ತಕ್ಷಣ ಗೊತ್ತಾಗಲಿಲ್ಲ. ಗೊತ್ತಾದದ್ದು ನಿಂಬೆವ್ವನಿಂದ. ಆ ಧ್ವನಿ ಕಿವಿಗೆ ಬಿದ್ದದ್ದೇ ಆ ಮುದುಕಿ ದಡಕ್ಕನೆ ಎದ್ದಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗೋಡೆಗೆ ಒತ್ತಿಕೊಂಡು ನಡೆದು ಹೋಗಿ ತಂಬಿಗೆಯಲ್ಲಿ ನೀರು ತಂದು, ದೂರದಿಂದ ಬಾಗಿ ತಟ್ಟೆಯ ಬದಿಗೆ ಇಟ್ಟಳು. ಇಟ್ಟು ಒಲೆಯ ಹತ್ತಿರ ಹೋಗಿ ನಿಂತಳು. ಅದು ನಿಂಬೆವ್ವನ ಅತ್ತೆಯ ಧ್ವನಿ, ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಆ ಹೆಂಗಸು ಇದ್ದಷ್ಟು ದಿನ ನಿಂಬೆವ್ವ ಅವಳ ಎದುರಿಗೆ ಕೂತವಳಲ್ಲ.

"ಅಜ್ಜೀ," ಎಂದಳು ಪದ್ದಿ ಅದೇ ಧ್ವನಿಯಲ್ಲಿ, "ಯಾಕ ಅಲ್ಲಿ ನಿಂತಿ? ಬಾರ."

ನಿಂಬೆವ್ವ ಬರಲಿಲ್ಲ. ಕಾಲುಗಳು ಬರಗೊಡಲಿಲ್ಲ. ಪದ್ದಿ ತುತ್ತು ಬಿಟ್ಟು ಗಾಬರಿಯಿಂದ ಗಂಟಲು ಸರಿ ಮಾಡಿಕೊಂಡಳು, ಕೆಮ್ಮಿದಳು, ಕಸ್ತೂರಿಯ ಧ್ವನಿಗಾಗಿ ಒಳಗೆಲ್ಲ ತಡಕಾಡಿದಳು. ಕೊನೆಗೆ ಸಿಕ್ಕಿತು. "ಬಾ ಬೇ, ಉಣ್ಣ" ಎಂದಳು. ಆಗ ನಿಂಬೆವ್ವ ಸೆರಗು ತೆಗೆದು ಬಂದು ಕೂತಳು. ಎಲ್ಲರೂ ಏನೂ ಆಗದವರ ಹಾಗೆ ಇದ್ದರು. ನಾನೂ.

ಊಟವಾದ ಮೇಲೆ ಅಂಗಿ ತೊಡಿಸಿದೆ. ಮೊಣಕೈ ಸರಿಯಾಗಿ ಕೂತಿತು. ಗುಂಡಿ ಹಾಕುವಾಗ ಪದ್ದಿಗೆ ಏದುಸಿರು ಬಂತು, ಸುಮ್ಮನೆ ನಿಂತವಳಿಗೆ. ನಾನು ಅವಳ ಬೆರಳು ಹಿಡಿದು ಬೆಳಕಿಗೆ ತಂದೆ. ಉಗುರಿನ ಬುಡದಲ್ಲಿ ನೀಲಿ, ಬಟ್ಟೆಗೆ ಹಾಕುವ ನೀಲಿಯ ನೀರಿನಷ್ಟು ತೆಳು.

"ನಿಂಬೆವ್ವ, ಇಲ್ಲಿ ಬಾ."

ಅವಳು ಬಂದು ನೋಡಿದಳು. ನೋಡಿ ಹುಡುಗಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡಳು, ಚಳಿ ಹಿಡಿದವರ ಕೈ ಬೆಚ್ಚಗೆ ಮಾಡುವ ಹಾಗೆ. "ಪದ್ದಿ, ಹೊರಗ ಹೋಗಿ ಕುಂಡ್ರು" ಎಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಆ ಹೆಸರು ಕೇಳಿದೆ.

ಹುಡುಗಿ ಹೋದ ಮೇಲೆ, "ನನಗ ಮೊನ್ನೇನ ಕಂಡಿತ್ತು" ಎಂದಳು. "ಶಾಯಿ ಹತ್ತಿರಬೇಕು ಅಂದ್ಕೊಂಡೆ. ತೊಳಿಸಿದೆ. ಮತ್ತ ತೊಳಿಸಿದೆ."

ಬೈಸಿಕೊಳ್ಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ನನ್ನ ಮನೆಗೆ ಹೋಗಿ ನಮ್ಮ ಮೊಸರಿನ ಗಡಿಗೆ ತಂದು ಅವಳ ಮುಂದೆ ಇಟ್ಟೆ.

"ನೀನ ಉಣಿಸಬೇಕು," ಎಂದೆ. "ನಾ ಉಣಿಸಿದ್ರ ನಾಳೆ ನನ್ನ ಮ್ಯಾಲೆ ಸಿಟ್ಟು ಇಟ್ಕೊಂಡು ಮತ್ತ ಬಿಡಿಸ್ತಿ."

ಅವಳು ಪದ್ದಿಯನ್ನು ಕರೆದಳು. ಬಟ್ಟಲಿಗೆ ಮೊಸರು ಹಾಕಿ ಅನ್ನ ಕಲಸಿದಳು. ಪದ್ದಿ ಬಂದು ಬಟ್ಟಲು ನೋಡಿ ಹಿಂದಕ್ಕೆ ಸರಿದಳು.

"ನಾ ಉಣ್ಣಂಗಿಲ್ಲ."

"ಉಣ್ಣು."

"ಉಂಡ್ರ ಅವ್ವನ ಧ್ವನಿ ಹೊಕ್ಕೈತಿ. ನೀ ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಿ." ಇದನ್ನು ಅವಳು ಹೇಳಿದ್ದು ಕಸ್ತೂರಿಯ ಧ್ವನಿಯಲ್ಲೇ. "ಉಗುರು ನೀಲಿ ಆದ್ರ ಆಗ್ಲಿ. ನನಗೇನು ನೋವಿಲ್ಲ."

ನಿಂಬೆವ್ವ ತುತ್ತು ಕಟ್ಟಿ ಹಿಡಿದಿದ್ದಳು. ನಾನು ಅವಳ ಮುಖ ನೋಡಲಾರದೆ ಹೆಗಲ ಮೇಲಿನ ಟೇಪು ಸುತ್ತುತ್ತ ನಿಂತೆ. ಅವಳು ಸಂತೆಯಲ್ಲಿ ಬದನೆಕಾಯಿ ಬೇಡವೆನ್ನುವ ಹಾಗೆ ಹೇಳಿದಳು, "ಆ ಧ್ವನಿ ನಿನ್ನವ್ವಂದು ಅಂತ ಯಾರು ಹೇಳ್ಯಾರ?"

ಹುಡುಗಿ ಅವಳನ್ನೇ ನೋಡಿದಳು.

"ಮೊದಲ ನನಗೂ ಹಂಗ ಅನಿಸಿತ್ತು. ಅಲ್ಲ. ಕಸ್ತೂರಿ ಹಿಂಗ ನಗತಿದ್ದಿಲ್ಲ. ನಿಂದು ಬ್ಯಾರೆ. ಎಲ್ಲಿದೋ ಏನೋ. ಕೇಳಿ ಕೇಳಿ ನನಗೂ ಸಾಕಾಗೈತಿ."

"ಖರೇನ?"

"ಬಸ್ಲಿಂಗವ್ವನ್ನ ಕೇಳು. ಅಕಿನೂ ಕೇಳ್ಯಾಳ."

ಹುಡುಗಿ ನನ್ನ ಕಡೆ ತಿರುಗಿದಳು. ಥೇಟ್ ಕಸ್ತೂರಿಯೇ ಕೇಳಿದ ಹಾಗೆ, ಅದೇ ಎಳೆತದಲ್ಲಿ, "ಹೌದೇನ್ರಿ ಅತ್ತಿ?" ಎಂದಳು.

"ಹೌದವಾ," ಎಂದೆ. "ನಿಮ್ಮವ್ವನ ಧ್ವನಿ ಬ್ಯಾರೆ ಇತ್ತು."

ಪದ್ದಿಯ ಮುಖ ಸಣ್ಣದಾಯಿತು. ಇಷ್ಟು ದಿನ ಕಷ್ಟಪಟ್ಟು ಹೊತ್ತು ತಂದದ್ದನ್ನು ಮನೆಯವರು ನಮ್ಮದಲ್ಲ ಎಂದ ಹಾಗೆ. ಅವಳು ಕೂತಳು. ಬಾಯಿ ತೆರೆದಳು. ನಿಂಬೆವ್ವ ಉಣಿಸಿದಳು. ಒಂದೊಂದು ತುತ್ತಿಗೂ ಮುಂಚೆ, "ಹುಳಿ ಆಗೈತೇನು?" "ಉಪ್ಪು ಬೇಕೇನು?" ಎಂದು ಏನಾದರೂ ಕೇಳುತ್ತಿದ್ದಳು. ಹುಡುಗಿ "ಹ್ಞೂಂ" "ಬ್ಯಾಡ" ಎನ್ನುತ್ತಿದ್ದಳು. ಮುದುಕಿ ಉಪ್ಪು ಕೇಳುತ್ತಿರಲಿಲ್ಲ, ಉತ್ತರದೊಳಗಿನ ಧ್ವನಿ ಕೇಳುತ್ತಿದ್ದಳು. ಬಟ್ಟಲು ಮುಗಿದ ಮೇಲೂ ಬೆರಳಿನಿಂದ ತಳ ಬಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪದ್ದಿಯ ಉಗುರು ತಿಳಿಯಾಯಿತು. ಮೊಣಕೈಯ ಹೊಲಿಗೆ ಮತ್ತೆ ಒಳಕ್ಕೆ ಹಿಡಿದುಕೊಟ್ಟೆ. ಧ್ವನಿ ತೆಳ್ಳಗಾಗಿ ಅವಳದೇ ಆಯಿತು, ಬಾಯಿಗೆ ಕೈ ಹಿಡಿದು ನಗುವ ಹುಡುಗಿ ಮರಳಿ ಬಂದಳು. ನಿಂಬೆವ್ವ ಗೋಡೆ ಕಡೆ ತಿರುಗಲಿಲ್ಲ. ಹುಡುಗಿಯನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಗಣಿತ ಬರದಿದ್ದರೆ ಬೈಯುತ್ತಿದ್ದಳು. ಗಟ್ಟಿ ಹೆಂಗಸು, ದಾಟಿಕೊಂಡಳು ಎಂದುಕೊಂಡೆ.

ಒಂದು ಮಧ್ಯಾಹ್ನ ದಾರದ ಉಂಡೆ ತರಲು ಹೊರಟವಳಿಗೆ ಅವರ ಮನೆ ದಾಟುವಾಗ ಒಳಗಿನಿಂದ ನಗು ಕೇಳಿಸಿತು. ಬಿಕ್ಕಳಿಕೆಯ ಹಾಗೆ ಎರಡು ಸಲ, ಆಮೇಲೆ ಸಡಿಲಾಗಿ, ಕೊನೆಗೆ ಕೊಳಾಯಿಯ ಸದ್ದು. ನನಗೆ ಸಿಟ್ಟು ನೆತ್ತಿಗೇರಿತು. ಕೈಯಾರೆ ಉಣಿಸಿ ಮತ್ತೆ ಹುಡುಗಿಗೆ ಮೊಸರು ಬಿಡಿಸಿದ್ದಾಳೆ. ಬಾಗಿಲು ತಳ್ಳಿ ಒಳಗೆ ನುಗ್ಗಿದೆ.

ಪದ್ದಿ ಇರಲಿಲ್ಲ. ಶಾಲೆಯ ಹೊತ್ತು ಎಂಬುದೇ ನನಗೆ ಮರೆತಿತ್ತು. ನಿಂಬೆವ್ವ ಒಬ್ಬಳೇ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಎದುರಿಗೆ ಯಾರೂ ಇಲ್ಲ. ಬಾಯಿ ತೆರೆದು ನಗುತ್ತಿದ್ದಳು. ಹಲ್ಲು ಉದುರಿದ ಆ ಬಾಯಿಂದ ಕಸ್ತೂರಿಯ ನಗು ಹೊರಗೆ ಬರುತ್ತಿತ್ತು. ನಕ್ಕು ನಿಲ್ಲಿಸುವಳು, ತಲೆ ವಾಲಿಸಿ ಕೇಳುವಳು, ಮನೆಯೊಳಗೆ ಅದು ಪೂರ್ತಿ ಆರುವತನಕ. ಮತ್ತೆ ನಗುವಳು.

ನನ್ನ ನೆರಳು ಬಿದ್ದು ಕಣ್ಣು ತೆರೆದಳು. ನಾಚಿಕೊಳ್ಳಲಿಲ್ಲ.

"ಮಸರು ಯಾವಾಗ ಬಿಟ್ಟಿ?"

"ಅಕಿಗೆ ಉಣಿಸಿದ ದಿನಾನ. ಅಕಿ ಉಂಡ್ಲು, ನಾ ಬಿಟ್ಟೆ." ಅವಳ ಮಾತಿನ ಧ್ವನಿ ಅವಳದೇ ಇತ್ತು, ನಗು ಮಾತ್ರ ಬೇರೆ. "ಕಸ್ತೂರಿಗೆ ಆ ನಗಿ ಎಲ್ಲಿಂದ ಬಂತು ಅನ್ಕೊಂಡಿ? ನನ್ನ ಹಡದವ್ವಂದು. ನನ್ನ ಹಾದು ಹೋಗಿರಬೇಕಲ್ಲ ಅದು, ಹಾರಿ ಏನು ಹೋಗೈತಿ? ಇಷ್ಟ ದಿನ ನನ್ನೊಳಗ ಇತ್ತು, ನಾ ಕೂಸಿನ ಮೈಯಾಗ ಹುಡುಕಾಕ ಹೋಗಿದ್ದೆ."

"ನಿಮ್ಮವ್ವ ಹೆಂಗ ಸತ್ಲು?"

ಅವಳು ಕೈ ಚಾಚಿದಳು. ಉಗುರುಗಳು ನೇರಳೆ ಹಣ್ಣು ತಿಂದವರ ಹಾಗಿದ್ದವು.

"ನಿಂಬೆವ್ವ, ಇನ್ನೂ ತಡ ಆಗಿಲ್ಲ."

"ಆಗಿಲ್ಲ," ಎಂದು ಒಪ್ಪಿಕೊಂಡಳು. "ಪದ್ದಿ ಮುಂದ ಒಮ್ಮೆನೂ ನಕ್ಕಿಲ್ಲ ನಾ. ಅಕಿ ಸಾಲಿಗೆ ಹೋದ ಮ್ಯಾಲಷ್ಟ. ಅಕಿಗೆ ಮಸರು ನಾನ ಉಣಿಸ್ತೀನಿ, ಬೇಕಾದ್ರ ಸಂಜೀಕ ಬಂದು ನೋಡು. ಅಕಿ ದೊಡ್ಡಾಕಿ ಆಗೂಮಟ ಇರ್ಬೇಕಂತ ನನಗೂ ಐತಿ. ಆದ್ರ ಇಷ್ಟು ಬಿಟ್ಟು ಇರಾಕ ಆಗವಲ್ದು." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಕ್ಕು ಬಂದ ನೀರೋ ಬೇರೆಯದೋ ನಾನು ಕೇಳಲಿಲ್ಲ. "ಒಂದ ತ್ರಾಸು ಐತಿ ನೋಡು. ಒಬ್ಬಾಕಿನ ಕುಂತು ನಗಾಕ ಏನರ ಬೇಕಲ್ಲ. ಇದ್ದ ಬದ್ದ ನಗಿಚಾಟಿಕಿ ಎಲ್ಲ ನೆನಪು ಮಾಡ್ಕೊಂಡು ಮುಗಿಸೀನಿ. ನೀ ಮಂದಿ ನಡುವ ಇರಾಕಿ. ಏನರ ಹೇಳು."

ಎದ್ದು ಹೋಗಿ ಪಂಪಣ್ಣನನ್ನು ಕರೆತರಬೇಕಿತ್ತು. ಕಾಲು ಎರಡು ಸಲ ಹೊಸ್ತಿಲ ಕಡೆ ತಿರುಗಿದವು. ಆಮೇಲೆ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಅವಳ ಎದುರಿಗೆ ಕೂತೆ. ಮೂಲೆಮನೆಯ ಮದುಮಗ ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಂಡು, ಮದುವೆಯ ದಿನ ಉಸಿರು ಬಿಟ್ಟ ಕೂಡಲೇ ಗುಂಡಿ ಹಾರಿ ಹೋಗಿ ಮಾವನ ಪಾಯಸದ ಬಟ್ಟಲಿಗೆ ಬಿದ್ದ ಕಥೆ ಹೇಳಿದೆ. ಅವಳು ಕಣ್ಣು ಮುಚ್ಚಿದಳು. ನಗು ಅವಳ ಗಂಟಲಲ್ಲಿ ಎರಡು ಸಲ ತಡವರಿಸಿತು, ಸಡಿಲಾಯಿತು, ಮನೆ ತುಂಬಿತು. ನಾನೂ ಕಣ್ಣು ಮುಚ್ಚಿದೆ.

ಅದು ಆರಿದ ಮೇಲೆ ಅವಳು ಸ್ವಲ್ಪ ಹೊತ್ತು ಉಸಿರಿಗೆ ಕಷ್ಟಪಟ್ಟಳು.

"ಇನ್ನೊಂದು ಹೇಳು," ಎಂದಳು.